ಪೆನ್ಸಿಲ್ ಮಲಗಿಸುವ ಕೆಲಸ

ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ಸೇರಿ ಡ್ರಿಲ್ ಮೇಷ್ಟ್ರು ಎಂದರೆ ಗಂಗಾಧರಪ್ಪನವರೊಬ್ಬರೇ. ಉಳಿದವರು ಸಂಬಳಕ್ಕೆ ಸೀಟಿ ಕಟ್ಟಿಕೊಂಡವರು. ಇದನ್ನು ಹೇಳುತ್ತಿರುವ ನಾನೂ ಈಗ ಅಂಥವನೇ. ನನ್ನ ಹೆಸರು ಲೋಕಪ್ಪ. ಊರು ಬಳ್ಳಿಗಾವಿ. ಅವರ ಕೈಯಲ್ಲೇ ಕಬಡ್ಡಿ ಕಲಿತು, ಅವರಿದ್ದ ಹೈಸ್ಕೂಲಿನಲ್ಲೇ ಹಂಗಾಮಿ ಕ್ರಾಫ್ಟ್ ಮೇಷ್ಟ್ರಾಗಿ, ಕೊನೆಗೆ ಅವರ ಜಾಗಕ್ಕೇ ಬಂದೆ. ಹೇಗೆ ಬಂದೆ ಎಂಬುದನ್ನು ಯಾರೂ ಕೇಳಿಲ್ಲ, ನಾನಾಗಿ ಹೇಳುತ್ತಿದ್ದೇನೆ.

ಅವರು ಶಿಕಾರಿಪುರದ ಹೈಸ್ಕೂಲಿಗೆ ಸೇರಿದ್ದು ಮೂವತ್ತೊಂದನೇ ಇಸವಿಯಲ್ಲಿ. ಆಗ ಮೈದಾನದ ತುಂಬ ಲಂಟಾನ. ಹುಡುಗರ ಜೊತೆ ತಾವೂ ಗುದ್ದಲಿ ಹಿಡಿದು ಕಡಿದರು, ಕೆರೆಯ ಮರಳು ಹೊರಿಸಿ ಅಂಕಣ ಮಾಡಿದರು. ಅವರು ಕಲಿಸಿದ್ದು ಎರಡೇ ಪಾಠ. ದಾಳಿಗೆ ಹೋದವನು ದಮ್ಮು ಬಿಡಬಾರದು. ಹಿಡಿದವರು ಸೀಟಿ ಕೇಳುವವರೆಗೆ ಹಿಡಿತ ಬಿಡಬಾರದು. "ಹೆತ್ತ ತಾಯಿ ಬಂದು ಕರೆದ್ರೂ ಬಿಡಬ್ಯಾಡ್ರಿ, ಸೀಟಿ ಕೇಳಿದ್ರೆ ಮಾತ್ರ ಬಿಡ್ರಿ" ಎನ್ನುತ್ತಿದ್ದರು. ನಮ್ಮ ಹುಡುಗರು ಹಿಡಿದರೆ ಉಡ ಹಿಡಿದ ಹಾಗೆ ಎಂದು ಸೊರಬದವರು ಬೈಯುತ್ತಿದ್ದರು.

ಇನ್ನೊಂದು ಪದ್ಧತಿ ಇತ್ತು, ಹೊರಗಿನವರು ನಂಬುವುದಿಲ್ಲ. ಎರಡು ತಾಲ್ಲೂಕಿನ ಪಂದ್ಯಕ್ಕೆ ಸೀಟಿ ಊದುವವರೂ ಗಂಗಾಧರಪ್ಪನವರೇ. ತಮ್ಮದೇ ಹುಡುಗರು ಆಡುತ್ತಿದ್ದರೂ ಅವರೇ. ಒಪ್ಪಿಸಿದವರು ಸೊರಬದವರು. ದಮ್ಮು ಕಡಿದದ್ದು ಹುಡುಗನಿಗೆ ತಿಳಿಯುವ ಮೊದಲೇ ಆ ಕಿವಿಗೆ ತಿಳಿಯುತ್ತದೆ, ಆ ಕಿವಿ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ.

ಐವತ್ತೈದರಲ್ಲಿ ಅವರಿಗೆ ವಿಷಮಶೀತ ಜ್ವರ ಬಂತು. ಜೀವ ಉಳಿಯಿತು, ಕಿವಿ ಹೋಯಿತು. ಯಾರಿಗೂ ಗೊತ್ತಾಗಲಿಲ್ಲ. ಡ್ರಿಲ್ ಮೇಷ್ಟ್ರು ಕೂಗಿ ಮಾತಾಡಿದರೆ ಯಾರಿಗೆ ಅನುಮಾನ ಬರುತ್ತದೆ? ಎದುರಿಗಿದ್ದವರ ತುಟಿ ನೋಡಿ ಉತ್ತರ ಕೊಡುತ್ತಿದ್ದರು. ಒಂದು ದಿನ ರಸ್ತೆಯಲ್ಲಿ ಅವರ ಬೆನ್ನ ಹಿಂದೆ ಬಸ್ಸು ಹಾರನ್ ಹೊಡೆಯಿತು. ಅವರು ಕದಲಲಿಲ್ಲ. ನಾನು ತೋಳು ಹಿಡಿದು ಎಳೆದೆ. ಆಗ ಅವರ ಮುಖ ನೋಡಲಾಗಲಿಲ್ಲ.

"ನಿವೃತ್ತಿಗೆ ಮೂರು ವರ್ಷ ಐತಿ ಲೋಕಪ್ಪ. ಈ ಸೀಟಿ ಒಂದು ಬಿಟ್ರೆ ನನ್ ಹತ್ರ ಏನೂ ಇಲ್ಲ" ಎಂದರು.

ನನಗೆ ಕನಿಕರ ಆದದ್ದು ನಿಜ. ಗಾಳಿ ಬಂದಾಗ ತೂರಿಕೋ ಎಂದುಕೊಂಡದ್ದೂ ನಿಜ. ನನ್ನದು ಹಂಗಾಮಿ ಕೆಲಸ. ಅವರ ಜಾಗಕ್ಕೆ ಅವರ ಒಂದು ಮಾತು ಸಾಕಿತ್ತು. ಉಪಾಯ ನಾನೇ ಹೇಳಿದೆ. ಅಂಕ ಬರೆಯುವ ಮೇಜಿನ ಹಿಂದೆ, ಅವರಿಗೆ ಎದುರಾಗಿ ನಾನು ಕೂರುವುದು. ಮುಷ್ಟಿಯಲ್ಲಿ ಕೆಂಪು-ನೀಲಿ ಪೆನ್ಸಿಲ್ಲನ್ನು ನೆಟ್ಟಗೆ ಹಿಡಿಯುವುದು. ದಮ್ಮು ಕಡಿಯಿತೋ, ಪೆನ್ಸಿಲ್ ಮಲಗಿಸುವುದು. ಅವರು ಸೀಟಿ ಊದುವುದು. ಎರಡು ವರ್ಷ ಹೀಗೇ ನಡೆಯಿತು. "ಏನು ಕಿವಿ ಮಾರಾಯ ಇವರದು" ಎಂದು ಜನ ಹೊಗಳಿದಾಗ ನಾನು ಒಳಗೊಳಗೇ ನಗುತ್ತಿದ್ದೆ.

ಐವತ್ತೆಂಟರ ಜನವರಿ. ಹಳೆಯ ಪುಸ್ತಕ ತಿರುವಿ ಹಾಕಿ, ಗಂಗಾಧರಪ್ಪನವರು ಗೆಲ್ಲಿಸಿದ ಪಂದ್ಯ ತೊಂಬತ್ತೊಂಬತ್ತು, ಸೊರಬದ ಮೇಲೆ ಗೆದ್ದರೆ ನೂರು ಎಂದು ಹೆಡ್ಮಾಸ್ತರರಿಗೆ ಹೇಳಿದವನೂ ನಾನೇ. ಅವರು ಹಿಗ್ಗಿ ಸೇವಂತಿಗೆ ಹಾರ ಕಟ್ಟಿಸಿದರು, ತಹಶೀಲ್ದಾರರನ್ನು ಕರೆಸಿದರು. ಮೇಷ್ಟ್ರಿಗೆ ಮಾತ್ರ ಇದು ಹಿಡಿಸಲಿಲ್ಲ. "ಆಟಕ್ಕೆ ಯಾಕೋ ಹಾರ, ಹೆಣಕ್ಕೆ ಹಾಕ್ದಂಗೆ" ಎಂದು ಗೊಣಗಿದರು.

ಕೊನೆಯ ಐದು ನಿಮಿಷ. ನಮಗೆ ಎರಡು ಅಂಕ ಹೆಚ್ಚು. ಸೊರಬದ ಕಡೆಯಿಂದ ದಾಳಿಗೆ ಬಂದವನು ಉಳವಿಯ ಸಣ್ಣಬೀರಪ್ಪ, ಹತ್ತನೇ ತರಗತಿ, ತೆಳ್ಳಗಿನ ಮೈ, ಉದ್ದನೆಯ ದಮ್ಮು. ಒಬ್ಬ ಕಾಲು ಹಿಡಿದ, ಇಬ್ಬರು ಸೊಂಟಕ್ಕೆ ಬಿದ್ದರು. ಹುಡುಗ ಕವುಚಿ ಬಿದ್ದು ಗೆರೆಯತ್ತ ಕೈ ಚಾಚಿ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇದ್ದ. ಜನ ಎದ್ದು ನಿಂತರು. ಅಷ್ಟರಲ್ಲಿ ಹಿಂದಿನಿಂದ ಹೆಡ್ಮಾಸ್ತರರು, "ಲೋಕಪ್ಪ, ಹಾರ ಎಲ್ಲಿಟ್ಟಿದೀರಿ?" ಎಂದರು.

ನಾನು ತಿರುಗಿದೆ. ಬುಟ್ಟಿ ಬೆಂಚಿನ ಕೆಳಗಿತ್ತು. ಎಡಗೈಯಲ್ಲಿ ತೋರಿಸಿದೆ. ಅವರಿಗೆ ಕಾಣಲಿಲ್ಲ, ಮತ್ತೆ ತೋರಿಸಿದೆ. ಬಲಗೈಯಲ್ಲಿ ಪೆನ್ಸಿಲ್ ನೆಟ್ಟಗೇ ಇತ್ತು.

ತಿರುಗಿ ನೋಡಿದಾಗ ಏಳೂ ಹುಡುಗರು ಅವನ ಮೇಲಿದ್ದರು. ಸೀಟಿ ಆಗಿಲ್ಲವಲ್ಲ, ಉಳಿದ ನಾಲ್ವರೂ ಹಾರಿ ಬಿದ್ದಿದ್ದರು. ಸೊರಬದ ಹುಡುಗರು "ದಮ್ಮು ಹೋಯ್ತು, ಬಿಡ್ರೋ" ಎಂದು ಅರಚುತ್ತಿದ್ದರು. ನಮ್ಮವರು ಬಿಡಲಿಲ್ಲ. ಕಲಿಸಿದ್ದೇ ಹಾಗೆ. ಮೇಷ್ಟ್ರು ಸೀಟಿಯನ್ನು ತುಟಿಗಿಟ್ಟುಕೊಂಡು ನನ್ನನ್ನೇ ನೋಡುತ್ತಾ ನಿಂತಿದ್ದರು. ನಾನು ಪೆನ್ಸಿಲ್ ಮಲಗಿಸಿದೆ. ಅವರು ಸೀಟಿ ಊದಿದರು. ಒಬ್ಬೊಬ್ಬರಾಗಿ ಎದ್ದರು. ಸಣ್ಣಬೀರಪ್ಪ ಏಳಲಿಲ್ಲ. ಅವನ ಕುತ್ತಿಗೆ ಒಂದು ಕಡೆಗೆ ತಿರುಗಿಕೊಂಡಿತ್ತು.

ತಹಶೀಲ್ದಾರರ ಜೀಪಿನಲ್ಲೇ ಶಿವಮೊಗ್ಗಕ್ಕೆ ಒಯ್ದರು. ಮೂರನೆಯ ದಿನ ತೀರಿಕೊಂಡ. ಪಂದ್ಯ ಅಲ್ಲಿಗೇ ನಿಂತದ್ದರಿಂದ ಅದು ಲೆಕ್ಕಕ್ಕಿಲ್ಲ. ತೊಂಬತ್ತೊಂಬತ್ತು ತೊಂಬತ್ತೊಂಬತ್ತಾಗಿಯೇ ಉಳಿಯಿತು.

ವಿಚಾರಣೆಯಲ್ಲಿ ಗಂಗಾಧರಪ್ಪನವರು ನಿಂತುಕೊಂಡೇ ಹೇಳಿದರು: ಎರಡು ವರ್ಷದಿಂದ ನನಗೆ ಕಿವಿ ಕೇಳುವುದಿಲ್ಲ, ಇದು ಯಾರಿಗೂ ಗೊತ್ತಿರಲಿಲ್ಲ, ತಪ್ಪು ನನ್ನದು. ನಾನು ಅಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ. ಹೆದರಿಕೆ ಎನ್ನಿ, ಆಸೆ ಎನ್ನಿ, ಎರಡೂ ಇತ್ತು. ಅವರನ್ನು ಅಂದೇ ಮನೆಗೆ ಕಳಿಸಿದರು.

ಸಣ್ಣಬೀರಪ್ಪನ ಹನ್ನೊಂದನೆಯ ದಿನ ಕಳೆದ ಮೇಲೆ ಅವರು ಉಳವಿಗೆ ಹೊರಟರು. ದಾರಿಯಲ್ಲಿ ಮಾತು ಕೇಳಿ ಹೇಳುವುದಕ್ಕೆ ಯಾರಾದರೂ ಬೇಕಲ್ಲ, ನನ್ನನ್ನು ಕರೆದರು. ಇಲ್ಲ ಎನ್ನಲು ನನಗೆ ಮುಖವಿರಲಿಲ್ಲ.

ಹುಡುಗನ ತಾಯಿ ಹಾಲಮ್ಮ ಜಗಲಿಯಲ್ಲಿ ಮೊರ ಹಿಡಿದು ಕೂತಿದ್ದರು. ಮೊರದಲ್ಲಿ ಅಕ್ಕಿ ಇತ್ತು, ಕೈ ಆಡುತ್ತಿರಲಿಲ್ಲ. ಮೇಷ್ಟ್ರು ಅಂಗಳದಲ್ಲೇ ಕೂತು, "ನನ್ ಕಿವಿ ಕೇಳಲಿಲ್ಲ ತಾಯಿ" ಎಂದರು. ಅವರ ದನಿ ಬೀದಿಗೆಲ್ಲ ಕೇಳಿಸಿತು.

ಹಾಲಮ್ಮ ತಲೆ ಎತ್ತಲಿಲ್ಲ. ಮೊರಕ್ಕೇ ಹೇಳುವಂತೆ ಮೆಲ್ಲಗೆ ಅಂದರು.

"ಕಿವಿ ಹೋಗ್ಲಿ ಬಿಡಿ. ಅಷ್ಟು ಜನ ಇದ್ರಲ್ಲ, ಒಬ್ರಿಗೂ ಕಾಣ್ಲಿಲ್ವ?"

ಮೇಷ್ಟ್ರಿಗೆ ಅವರ ತುಟಿ ಕಾಣುತ್ತಿರಲಿಲ್ಲ. ನನ್ನ ಕಡೆ ತಿರುಗಿ, "ಏನಂದ್ರು?" ಎಂದರು.

ಮತ್ತೆ ಕೇಳಿದರು. ಅವರಿಗೆ ತುಟಿ ಕಾಣುವಂತೆ ಮುಖ ಕೊಟ್ಟು, ಆ ತಾಯಿಯ ಎದುರಿಗೇ, ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನೋಡುವಂತೆ ಕೂಗಿದೆ: "ಅಷ್ಟು ಜನ ಇದ್ರಲ್ಲ, ಒಬ್ರಿಗೂ ಕಾಣ್ಲಿಲ್ವ ಅಂತ ಕೇಳ್ತಿದಾರೆ."

ನನಗೆ ಅಳು ಬಂತು. ಮೇಷ್ಟ್ರು ನನ್ನನ್ನೇ ನೋಡಿದರು. ಆಮೇಲೆ ಹಾಲಮ್ಮನ ಕಡೆ ತಿರುಗಿ, "ನೋಡಬೇಕಾದೋನು ನಾನೇ ತಾಯಿ, ಬ್ಯಾರೆ ಯಾರೂ ಅಲ್ಲ" ಎಂದರು.

ವಾಪಸು ಬರುವ ಬಸ್ಸು ಸೊರಬ ದಾಟಿತು. ಮೇಷ್ಟ್ರು ಕಿಸೆಯಿಂದ ಸೀಟಿ ತೆಗೆದು ನನ್ನ ತೊಡೆಯ ಮೇಲಿಟ್ಟರು.

"ನಾನು ಪೆನ್ಸಿಲ್ಲೇ ನೋಡ್ತಿದ್ದೆ. ನಿನ್ನ ಮುಖ ಆಕಡೆ ತಿರುಗಿದ್ದೂ ಕಂಡೆ. ಆದ್ರೂ ಪೆನ್ಸಿಲ್ಲನ್ನೇ ನಂಬಿದೆ" ಎಂದರು. "ಹೆಡ್ಮಾಸ್ತರಿಗೆ ಬರ್ದು ಕೊಟ್ಟೀನಿ. ಈ ಕೆಲಸ ನಿಂಗೇ ಆಗಬೇಕು. ಬ್ಯಾರೆಯವ್ರಿಗೆ ಕಣ್ಣು ತಪ್ಪೀತು ಅನ್ನೋ ಹೆದರಿಕಿ ಇರಂಗಿಲ್ಲ."

ಜೂನ್‌ನಲ್ಲಿ ಕೆಲಸ ಖಾಯಂ ಆಯಿತು. ಬಯಸಿದ್ದು ಸಿಕ್ಕಿತು. ದಮ್ಮು ನಿಂತರೆ ಸೀಟಿಗೆ ಕಾಯದೆ ಬಿಟ್ಟುಬಿಡಿ ಎಂದು ನಾನು ಹುಡುಗರಿಗೆ ಕಲಿಸುತ್ತೇನೆ. ಅವರು ದಮ್ಮು ಇರುವಾಗಲೇ ಬಿಟ್ಟುಬಿಡುತ್ತಾರೆ. ಹೋದ ವರ್ಷ ಸೋತೆವು, ಈ ವರ್ಷವೂ ಸೋತೆವು. ಗಂಗಾಧರಪ್ಪನವರ ಕಾಲದ ಹಿಡಿತ ಈಗೆಲ್ಲಿ ಎಂದು ಊರವರು ನನಗೆ ಕೇಳುವಂತೆಯೇ ಆಡಿಕೊಳ್ಳುತ್ತಾರೆ.

ಅವರು ಈಗಲೂ ಪ್ರತಿ ಪಂದ್ಯಕ್ಕೆ ಬರುತ್ತಾರೆ. ಅಂಕ ಬರೆಯುವ ಮೇಜಿನ ಪಕ್ಕದಲ್ಲಿ ಕೊಡೆ ಊರಿಕೊಂಡು ಕೂರುತ್ತಾರೆ. ಯಾರು ಗೆದ್ದರೆಂದು ಕೇಳಿದರೆ ಅವರಿಗೆ ಗೊತ್ತಿರುವುದಿಲ್ಲ. ಆಟ ಮುಗಿಯುವವರೆಗೂ ಅವರು ನೋಡುವುದು ಸೀಟಿ ಹಿಡಿದ ನನ್ನ ಕೈಯನ್ನು ಮಾತ್ರ.