ಗುಡಿಸೋ, ಎತ್ವವೋ?

ಬೆಳಗಿನ ಐದೂಮುಕ್ಕಾಲು ಗಂಟೆ. ಅಡುಗೆಮನೆಯ ಕಿಟಕಿಯಾಚೆ ಬೀದಿದೀಪ ಇನ್ನೂ ಆರಿಲ್ಲ. ಸಕ್ಕರೆ ಪುಡಿಗೆ ಮೊಟ್ಟೆಯ ಬಿಳಿ, ನಿಂಬೆರಸ ಹಾಕಿ ಕಡೆದ ಐಸಿಂಗನ್ನು ಬಿಸ್ಕತ್ತಕ್ಕ ಚಮಚದಲ್ಲಿ ಎತ್ತಿ, ಅದೇ ಬಟ್ಟಲಿಗೆ ದಾರದ ಹಾಗೆ ಇಳಿಬಿಟ್ಟು ಎಣಿಸುತ್ತಿದ್ದಾರೆ. ಬಿದ್ದ ಗೆರೆ ಹತ್ತು ಎಣಿಸುವಷ್ಟರಲ್ಲಿ ಕರಗಿ ಮಟ್ಟವಾಗಬೇಕು. ಐದಕ್ಕೇ ಕರಗಿದರೆ ತೀರಾ ನೀರು, ಹದಿನೈದಾದರೂ ಕರಗದಿದ್ದರೆ ತೀರಾ ಗಟ್ಟಿ. "ಐದು, ಆರು, ಏಳು..." ಎಂದವರು ನಿಲ್ಲಿಸಿ ನನ್ನ ಮುಖ ನೋಡುತ್ತಾರೆ. "ಏಳು ಅಂದ್ನಾ, ಎಂಟು ಅಂದ್ನಾ?" ನನಗೇನು ಗೊತ್ತು! ನಾನು ತಲೆ ಬಗ್ಗಿಸಿಕೊಂಡು ಬರೆದುಕೊಳ್ಳುತ್ತಿದ್ದೆ. ಮತ್ತೆ ಒಂದರಿಂದ ಶುರು.

"ಹದಿನೇಳು ವರ್ಷದಲ್ಲಿ ಲೆಕ್ಕ ತಪ್ಪಿರಲಿಲ್ಲ ಕಣ್ರೀ. ಎಲ್ಲಾ ಆ ಚೀಟಿ ದೆಸೆಯಿಂದ" ಎಂದು ಅವರು ಫ್ರಿಜ್ಜಿನ ಕಡೆ ಗಲ್ಲ ಎತ್ತಿ ತೋರಿಸುತ್ತಾರೆ. ಅಲ್ಲಿ ಅಂಗೈಯಗಲದ ಒಂದು ಆರ್ಡರ್ ಚೀಟಿ ಅಂಟಿಸಿದೆ. ಬಿಸ್ಕತ್ತು ಹನ್ನೆರಡು. ಹನ್ನೊಂದು ಬರೀ ಬಿಳಿ ಇರಲಿ, ಏನೂ ಬಿಡಿಸಬೇಡಿ. ಒಂದರ ಮೇಲೆ ಮಾತ್ರ ಬರೆಯಿರಿ. ಇವತ್ತು ಮಧ್ಯಾಹ್ನ ಮನೆಗೇ ಬಂದು ತಗೊಳ್ಳುತ್ತಾರೆ. ಇಷ್ಟೇನೋ ಹೇಗೋ ಓದಬಹುದು. ಆ ಒಂದರ ಮೇಲೆ ಏನು ಬರೆಯಬೇಕು ಎಂಬುದೇ ತಕರಾರು. 'ಅತ್ತೆಗೆ' ಎಂದೋ, 'ಅತ್ತಿಗೆ' ಎಂದೋ ತಿಳಿಯುತ್ತಿಲ್ಲ. ನಡುವಿನ ಅಕ್ಷರದ ತಲೆಯ ಮೇಲಿನ ಗೆರೆ ಸುತ್ತಿಕೊಂಡಿದ್ದರೆ ಗುಡಿಸು, ಅಂದರೆ ಅತ್ತಿಗೆ; ಹಾಗೇ ಬಾಗಿಹೋಗಿದ್ದರೆ ಎತ್ವ, ಅಂದರೆ ಅತ್ತೆ. ಇದು ಸುತ್ತಿಕೊಳ್ಳಲು ಹೊರಟು ಮನಸ್ಸು ಬದಲಾಯಿಸಿದಂತಿದೆ. ನನಗೆ ಮೊದಲು ಅತ್ತೆ ಕಂಡರು. ಕನ್ನಡಕ ಒರೆಸಿ ನೋಡಿದರೆ ಅತ್ತಿಗೆ.

ಬಿಸ್ಕತ್ತಕ್ಕನಿಗೆ ಐವತ್ತೆಂಟು. ಬೀದಿಯವರೆಲ್ಲ ಹಾಗೇ ಕರೆಯುವುದು, ನಾನೂ ಹಾಗೇ ಕರೆಯುತ್ತೇನೆ. ವರ್ಷದ ಕೊನೆಯ ರಜೆ ಬಂತೆಂದರೆ ಈ ಮನೆಯ ಮಂಚ, ಕುರ್ಚಿ, ಹೊಲಿಗೆ ಮಿಷನ್ನಿನ ಮೇಲೂ ತಟ್ಟೆಗಳು. ದಿನಕ್ಕೆ ಎಂಟು ತಟ್ಟೆ, ತಟ್ಟೆಗೆ ಹನ್ನೆರಡು, ಒಟ್ಟು ತೊಂಬತ್ತಾರು ಸಕ್ಕರೆ ಬಿಸ್ಕತ್ತು. ನಕ್ಷತ್ರ, ಮನೆ, ಹೃದಯ, ಕೊಡೆ. ಪ್ರತಿಯೊಂದಕ್ಕೂ ಮೊದಲು ಕೋನಿನಿಂದ ಗಟ್ಟಿ ಐಸಿಂಗ್ ಹಿಂಡಿ ಅಂಚು ಎಳೆಯಬೇಕು. ಆಮೇಲೆ ಒಳಗೆ ತೆಳು ಐಸಿಂಗ್ ತುಂಬಿ, ಗುಳ್ಳೆ ಎದ್ದರೆ ಸೂಜಿಯಿಂದ ಒಡೆದು, ಎಂಟು ಗಂಟೆ ಒಣಗಲು ಬಿಡಬೇಕು. ಈ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿದೆ. ಅಂಚು ಎಳೆಯುವುದು 'ಕಟ್ಟೆ ಕಟ್ಟೋದು', ಒಳಗೆ ತುಂಬುವುದು 'ನೀರು ಬಿಡೋದು'. ಒಣಗಿದ ಮೇಲೆ ಚಿತ್ತಾರ, ಅಕ್ಷರ. ಅಮ್ಮನಿಗೆ, ತಾತನಿಗೆ, ಟೀಚರಿಗೆ, ನಮ್ಮ ಡಾಕ್ಟರಿಗೆ. ಜನ ಡಬ್ಬಿ ಕಟ್ಟಿಸಿ ಉಡುಗೊರೆ ಕೊಡುತ್ತಾರೆ.

ಓವನ್ನಿನ ಉಸ್ತುವಾರಿ ಯಜಮಾನರದು. ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವರು, ಈಗಲೂ ತಟ್ಟೆ ಒಳಗೆ ತಳ್ಳಿ ಬಾಗಿಲು ಹಾಕಿ "ರೈಟ್ ರೈಟ್" ಅನ್ನುತ್ತಾರೆ. ಒಡೆದ ಬಿಸ್ಕತ್ತೆಲ್ಲ ಅವರ ಪಾಲು. "ಇವತ್ತೇನೋ ಬಹಳ ಒಡೀತಿವೆ" ಎಂದರೆ ಬಿಸ್ಕತ್ತಕ್ಕ ತಿರುಗಿಯೂ ನೋಡದೆ ಹೇಳುತ್ತಾರೆ: "ಒಡೀತಿವೆಯೋ, ಒಡೆಸ್ಕೋತಿವೆಯೋ?"

ನಗು ಬಂತು ನನಗೆ. ಆದರೆ ನಿಜ ಹೇಳಬೇಕೆಂದರೆ ಈ ಮನೆಯಲ್ಲಿ ನಗುವ ಹಕ್ಕು ನನಗಿಲ್ಲ. ಆರು ವರ್ಷದ ಹಿಂದೆ ಇದೇ ಪುರವಣಿಯಲ್ಲಿ ಇದೇ ಬಿಸ್ಕತ್ತಕ್ಕನ ಬಗ್ಗೆ ಒಂದು ಲೇಖನ ಬಂದಿತ್ತು. ಬರೆದದ್ದು ನಾನೇ. ಆಗ ಈ ಮೇಜಿಗೆ ಇಬ್ಬರಿದ್ದರು. ನೀರು ಬಿಡುವುದು ಇವರು, ಕಟ್ಟೆ ಕಟ್ಟುವುದು ಇವರ ನಾದಿನಿ, ಯಜಮಾನರ ತಂಗಿ. ಹನ್ನೊಂದು ವರ್ಷ ಇಬ್ಬರೂ ಎದುರುಬದುರು ಕೂತು ಮಾಡಿದ ಕೆಲಸ ಅದು. ನಾನು ಒಂದು ಬೆಳಿಗ್ಗೆ ಬಂದು, ಕಾಫಿ ಕುಡಿದು, ಬಿಸ್ಕತ್ತಕ್ಕನಿಗೆ ಎರಡು ಕಾಲಂ ಕೊಟ್ಟು, ನಾದಿನಿಗೆ ಒಂದು ಸಾಲು ಕೊಟ್ಟೆ. 'ನಾದಿನಿ ಸಹಾಯಕಿಯಾಗಿ ಕೈಜೋಡಿಸಿದ್ದಾರೆ.' ಬರೆಯುವಾಗ ಒಳ್ಳೆಯ ಮಾತು ಅನ್ನಿಸಿತ್ತು.

"ಓದಿ ಪೇಪರ್ ಮಡಚಿಟ್ಟಳು" ಎನ್ನುತ್ತಾರೆ ಬಿಸ್ಕತ್ತಕ್ಕ. "ತನ್ನ ಕೋನುಗಳನ್ನೆಲ್ಲ ತೊಳೆದಳು, ಒರೆಸಿದಳು, ಚೀಲಕ್ಕೆ ಹಾಕ್ಕೊಂಡಳು. 'ಸಹಾಯಕಿ ಬೇರೆ ಯಾರಾದ್ರೂ ಸಿಗ್ತಾರೆ ಬಿಡಿ, ಅತ್ತಿಗೆ' ಅಂದಳು. ಅದೇ ಕೊನೆ ಮಾತು. ನಿಮ್ಮದೊಂದೇ ತಪ್ಪು ಅಂತ ನಾನು ಹೇಳಲ್ಲ. ನಾನು ಆ ಪೇಪರ್ ನಾಲ್ಕು ಪ್ರತಿ ತರಿಸಿ ನೆಂಟರಿಗೆಲ್ಲ ಹಂಚಿದೆ. ಅವಳು ಅಲ್ಲೇ ಕೂತು ನೋಡ್ತಿದ್ಲು. ಅಷ್ಟೂ ಹೊಳೀಲಿಲ್ಲ ನನಗೆ, ಕುರುಡಿ."

ನಾದಿನಿಯ ಮನೆ ಎರಡು ಬೀದಿ ಆಚೆ. ಈಗ ಅಂಗಡಿ ಬೋರ್ಡು ಬರೆಯುವ ಕೆಲಸದಲ್ಲಿದ್ದಾರೆ. ಅಣ್ಣ ವಾರಕ್ಕೊಮ್ಮೆ ಹೋಗಿ ಬರುತ್ತಾರೆ, ಅಲ್ಲಿಯದು ಇಲ್ಲಿ ಹೇಳುವುದಿಲ್ಲ, ಇಲ್ಲಿಯದು ಅಲ್ಲಿ ಹೇಳುವುದಿಲ್ಲ. ಹೋದ ವಾರ ಬಿಸ್ಕತ್ತಕ್ಕನೇ ನನಗೆ ಫೋನ್ ಮಾಡಿ ಕರೆಸಿದ್ದು. ಇನ್ನೊಂದು ಲೇಖನ ಬೇಕು ಅಂತಲ್ಲ. "ಸಹಾಯಕಿ ಅನ್ನೋ ಒಂದೇ ಒಂದು ಪದ ಸರಿ ಮಾಡ್ಬೇಕು ಪೇಪರ್‌ನೋರೇ. ನನ್ನನ್ನ ಎಲೆಮರೆ ಕಾಯಿ ಅಂತ ಬರೆದ್ರಿ. ಹಾಗಾದ್ರೆ ಆ ಎಲೆ ಯಾರು? ನಮ್ಮ ಹುಡುಗೀನಾ?" ಐವತ್ತು ದಾಟಿದ ನಾದಿನಿ ಇವರ ಬಾಯಲ್ಲಿ ಇನ್ನೂ ಹುಡುಗಿ.

ಹಾಗಾದರೆ ಸಹಾಯಕಿ ಬದಲು ಏನು ಬರೆಯಲಿ ಎಂದು ಕೇಳಿದರೆ ಬಿಸ್ಕತ್ತಕ್ಕನಿಗೂ ಗೊತ್ತಿಲ್ಲ. ಪಾಲುದಾರಳು ಅಂದರೆ ಜಗಳ ಆಡಿದ ಹಾಗೆ ಕೇಳುತ್ತದಂತೆ. ಕಲಾವಿದೆ ಅಂದರೆ ಅವಳೇ ನಗುತ್ತಾಳಂತೆ. "ನೀವು ಬರೆಯೋರು, ನಿಮಗೇ ಗೊತ್ತಿಲ್ವಾ?" ಎಂದು ನನ್ನನ್ನೇ ಕೇಳುತ್ತಾರೆ. ನಾನು ಯಾರ ಬಗ್ಗೆ ಬರೆಯಲು ಬಂದಿದ್ದೇನೆ ಎಂಬುದೇ ಈಗ ನನಗೆ ಗೊಂದಲ. ಎದುರಿಗಿರುವವರ ಬಗ್ಗೆಯೋ, ಇಲ್ಲದವರ ಬಗ್ಗೆಯೋ? ಬೆಳಿಗ್ಗೆ ಬಂದ ತಕ್ಷಣ ಮೇಜಿನಾಚೆಯ ಸ್ಟೂಲಿನ ಮೇಲೆ ಕೂರಲು ಹೋದೆ. "ಅದು ಬೇಡ, ಈ ಕಡೆ ಕೂತ್ಕೊಳಿ" ಅಂದರು. ಆ ಸ್ಟೂಲಿನ ಮೇಲೆ ತಟ್ಟೆಯನ್ನೂ ಇಟ್ಟಿಲ್ಲ.

ಈಗ ಗೊತ್ತಾಯಿತಲ್ಲ, ಚೀಟಿಯ ಆ ಒಂದು ಗೆರೆ ಇಷ್ಟು ತಲೆ ತಿನ್ನುತ್ತಿರುವುದೇಕೆ ಎಂದು. ಈ ಊರಲ್ಲಿ ಬಿಸ್ಕತ್ತಕ್ಕನನ್ನು ಅತ್ತಿಗೆ ಎಂದು ಕರೆಯುವವರು ಒಬ್ಬರೇ. "ಆಸೆ ಪಟ್ಟು ಓದಿದ್ರೆ ಗುಡಿಸೇ ಕಾಣುತ್ತೆ" ಎನ್ನುತ್ತಾರೆ ಅವರು. "ಅದಕ್ಕೇ ಆಸೆಪಡದೆ ಓದೋಣ ಅಂತ ನೋಡ್ತಿದೀನಿ. ಆಗ್ತಿಲ್ಲ."

ಒಂಬತ್ತಕ್ಕೆ ನನ್ನನ್ನೇ ಅಂಗಡಿಗೆ ಅಟ್ಟುತ್ತಾರೆ. ಬೀದಿ ತುದಿಯ ಪೆನ್ನು ಪುಸ್ತಕದ ಅಂಗಡಿ. ಇವರ ಆರ್ಡರುಗಳನ್ನು ಫೋನಿನಲ್ಲಿ ಬರೆದುಕೊಳ್ಳುವುದು ಆ ಅಂಗಡಿಯವರು. ದಿನವಿಡೀ ಪೆನ್ನು ಮಾರುವ ಮನುಷ್ಯ, ಬರೆದದ್ದು ಮಾತ್ರ ಕಾಗೆಕಾಲು ಗುಬ್ಬಿಕಾಲು. ಚೀಟಿಯನ್ನು ಉದ್ದಕ್ಕೆ ಹಿಡಿದು, ಅಡ್ಡಕ್ಕೆ ಹಿಡಿದು, ಬೆಳಕಿಗೆ ಹಿಡಿದು ನೋಡುತ್ತಾರೆ.

"ಹೆಂಗಸಿನ ದನಿ. ಹೆಸರು ಹೇಳಲಿಲ್ಲ. ಅತ್ತೆ, ಅತ್ತಿಗೆ, ಎರಡರಲ್ಲಿ ಒಂದು ಖಂಡಿತ" ಎನ್ನುತ್ತಾರೆ.

"ಯಾವುದು ಅಂತ ಸ್ವಲ್ಪ ನೆನಪು ಮಾಡ್ಕೊಳಿ."

"ಮೇಡಂ, ನನಗೆ ಮನೇಲಿ ಇಬ್ಬರೂ ಇದಾರೆ. ಯಾರ ಹೆಸರು ಎತ್ತಿದ್ರೂ ನನಗೆ ಗಾಬರಿಯಾಗಿ ಕೈ ನಡುಗುತ್ತೆ. ಆಗಲೂ ನಡುಗಿರಬೇಕು."

ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಬಂದೆ. ಬಿಸ್ಕತ್ತಕ್ಕ ಆಗಲೇ ಕೋನಿಗೆ ಕೆಂಪು ಐಸಿಂಗ್ ತುಂಬಿಟ್ಟು ಕಾಯುತ್ತಿದ್ದರು. ಕೇಳಿದರು, ಮತ್ತೆ ತಾವೇ ವಕೀಲರ ಹಾಗೆ ವಾದ ಹೂಡಿದರು. "ನೋಡಿ, ಎಲ್ಲರೂ ಏನು ಬರೆಸ್ತಾರೆ? ಅಮ್ಮನಿಗೆ, ತಾತನಿಗೆ, ಟೀಚರಿಗೆ. ಎಲ್ಲಾದರ ಕೊನೇಲೂ 'ಗೆ'. ಅತ್ತೆಗಾದ್ರೆ 'ಅತ್ತೆಗೆ', ಸರಿಹೋಯ್ತು. ಅತ್ತಿಗೆಗೆ ಕೊಡೋದಾಗಿದ್ರೆ 'ಅತ್ತಿಗೆಗೆ' ಅಂತ ಎರಡು 'ಗೆ' ಇರಬೇಕಿತ್ತು. ಇಲ್ಲಿರೋದು ಒಂದೇ. ಯಾರೋ ಅವರ ಅತ್ತೆಗೆ ಕೊಡ್ತಿದಾರೆ, ಮುಗೀತು."

ನಾನು ಇಪ್ಪತ್ತಾರು ವರ್ಷದಿಂದ ಬರೆದು ತಿನ್ನುವವಳು. ಈ ವ್ಯಾಕರಣ ಸರಿ ಎಂದು ತಲೆಯಾಡಿಸಿದೆ. ಯಜಮಾನರು ಏನೋ ಹೇಳಲು ಬಾಯಿ ತೆರೆದು, ಒಡೆದ ನಕ್ಷತ್ರವೊಂದನ್ನು ಒಳಗೆ ಹಾಕಿಕೊಂಡರು. ಬಿಸ್ಕತ್ತಕ್ಕ ಉಸಿರು ಹಿಡಿದು, ಬಿಳಿ ಬಿಸ್ಕತ್ತಿನ ಮೇಲೆ ಕೆಂಪಗೆ 'ಅತ್ತೆಗೆ' ಎಂದು ಬರೆದರು. ಬರೆದಾದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನಿಂಬೆರಸ ಸಿಡೀತು" ಅಂದರು. ಕೋನಿನಲ್ಲಿದ್ದ ಐಸಿಂಗ್ ಎಲ್ಲಿ ಸಿಡಿಯಿತೋ ನನಗಂತೂ ಕಾಣಲಿಲ್ಲ.

ಹನ್ನೆರಡೂವರೆಗೆ ಬಾಗಿಲಲ್ಲಿ ಒಬ್ಬರು ಬಂದು ನಿಲ್ಲುತ್ತಾರೆ. ಬೆರಳ ಸಂದಿಯಲ್ಲಿ ನೀಲಿ ಬಣ್ಣ, ಕೈಯಲ್ಲಿ ಬಟ್ಟೆಯ ಚೀಲ. ನಾನು ಗುರುತು ಹಿಡಿಯುವ ಮೊದಲೇ ಬಿಸ್ಕತ್ತಕ್ಕ ಎದ್ದು ನಿಂತು, ಬಂದವರಿಗೆ ಹೇಳಬೇಕಾದ್ದನ್ನು ಗಂಡನಿಗೆ ಹೇಳುತ್ತಾರೆ. "ರೀ, ನಿಮ್ಮ ತಂಗಿ ಬಂದಿದಾಳೆ."

"ಅಣ್ಣನ್ನ ನೋಡೋಕೆ ಬಂದಿಲ್ಲ. ಆರ್ಡರ್ ತಗೊಳ್ಳೋಕೆ ಬಂದಿದೀನಿ" ಎನ್ನುತ್ತಾರೆ ನಾದಿನಿ.

ಬಿಸ್ಕತ್ತಕ್ಕ ಡಬ್ಬಿ ತಂದು ಮೇಜಿನ ಮೇಲಿಡುತ್ತಾರೆ. ನಾದಿನಿ ಮುಚ್ಚಳ ತೆಗೆದು ನೋಡುತ್ತಾರೆ, ನೋಡುತ್ತಲೇ ಇರುತ್ತಾರೆ.

"ಇದೇನು ಬರೆದಿದೀರಿ?"

"ಚೀಟೀಲಿ ಇದ್ದದ್ದೇ... ನಿಮ್ಮತ್ತೆಗೆ ಅಲ್ವಾ?" ಗಾಬರಿಯಲ್ಲಿ ಬಿಸ್ಕತ್ತಕ್ಕನ ಬಾಯಿಗೆ ಬಹುವಚನವೂ ಬಂದುಬಿಟ್ಟಿತು.

"ನಮ್ಮತ್ತೆ ತೀರಿಕೊಂಡು ಒಂಬತ್ತು ವರ್ಷ ಆಯ್ತು. ಮೂರು ದಿನ ನಮ್ಮನೇಲೇ ಇದ್ರಿ ನೀವು!"

"ಅಯ್ಯೋ, ಹೌದಲ್ಲಾ!"

"ನಾನು ಹೇಳಿದ್ದು ಅತ್ತಿಗೆ ಅಂತ."

"ಅತ್ತಿಗೆ ಅಂತಾದ್ರೆ ಇನ್ನೊಂದು 'ಗೆ' ಎಲ್ಲಿ?" ಬಿಸ್ಕತ್ತಕ್ಕ ವಾದ ಬಿಡುವುದಿಲ್ಲ. "ಅತ್ತಿಗೆಗೆ ಅಂತ ಇರಬೇಕಿತ್ತಲ್ಲ?"

"ಕೊಡೋದಾದ್ರೆ ತಾನೇ 'ಗೆ' ಹಾಕೋದು?" ನಾದಿನಿ ಡಬ್ಬಿಯಿಂದ ಕಣ್ಣು ಎತ್ತುತ್ತಾರೆ. "ನಾನು ಕೊಡ್ತಾ ಇರ್ಲಿಲ್ಲ ಅತ್ತಿಗೆ. ಕರೀತಾ ಇದ್ದೆ."

ಇಪ್ಪತ್ತಾರು ವರ್ಷದ ನನ್ನ ವ್ಯಾಕರಣ ಅಲ್ಲಿಗೆ ಮುಗಿಯಿತು. ಬಿಸ್ಕತ್ತಕ್ಕ ಗಟ್ಟಿಯಾಗಿ ಅತ್ತರು, ಯಾವ ನಿಂಬೆರಸದ ನೆಪವೂ ಇಲ್ಲದೆ. ಯಜಮಾನರು ಓವನ್ನಿನ ಮುಂದೆ ಕೂತು, ಒಳಗೆ ತಟ್ಟೆಯೇ ಇಲ್ಲದಿದ್ದರೂ ಒಳಗೇ ದಿಟ್ಟಿಸುತ್ತಿದ್ದರು. ನಾದಿನಿ ಮಾತ್ರ ಕೆಲಸಕ್ಕೆ ಇಳಿದುಬಿಟ್ಟರು. ಮೇಜಿನಾಚೆಯ ಸ್ಟೂಲು ಎಳೆದು ಕೂತರು. ಸೂಜಿಯ ತುದಿಯಿಂದ ಎತ್ವವನ್ನು ಕೆರೆದು ತೆಗೆದರು, ಚೀಲದಿಂದ ತಮ್ಮದೇ ಹಳೆಯ ಕೋನು ತೆಗೆದು ಕೆಂಪು ತುಂಬಿಸಿ, ಒಂದು ಸುತ್ತು ಸುತ್ತಿದರು. ಗುಡಿಸಾಯಿತು. ಬಿಸ್ಕತ್ತಿನ ಮೇಲೆ ಈಗ 'ಅತ್ತಿಗೆ' ಇದೆ. ಕೆರೆದ ಕಡೆ ಸ್ವಲ್ಪ ಗಾಯವಾಗಿದೆ, ಹತ್ತಿರದಿಂದ ನೋಡಿದರೆ ಕಾಣುತ್ತದೆ.

ಉಳಿದ ಹನ್ನೊಂದನ್ನು ಯಾಕೆ ಬಿಳಿಯಾಗೇ ಬಿಡಲು ಹೇಳಿದ್ದು ಎಂದು ಆಗ ಅರ್ಥವಾಯಿತು. ನಾದಿನಿ ಒಂದೊಂದೇ ಎತ್ತಿಕೊಂಡು ಬಳ್ಳಿ ಎಳೆಯುತ್ತಿದ್ದಾರೆ, ಕೈ ಎತ್ತದೆ, ಒಂದೇ ಗೆರೆಯಲ್ಲಿ. ಹನ್ನೊಂದು ವರ್ಷ ಜೊತೆಗಿದ್ದಿರಿ, ಅದಕ್ಕೇ ಹನ್ನೊಂದಾ ಎಂದು ನಾನು ಆಸೆಯಿಂದ ಕೇಳಿದೆ. ಲೇಖನಕ್ಕೆ ಚೆನ್ನಾಗಿರುತ್ತಿತ್ತು. "ಡಬ್ಬಿಗೆ ಹಿಡಿಯೋದು ಹನ್ನೆರಡು. ಒಂದರ ಮೇಲೆ ಬರೆಸಿದೆ. ಉಳಿದದ್ದು ಎಷ್ಟು?" ಎಂದು ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವಾ? ಸಹಾಯಕಿ ಅಂತ ಬರೆದೋರು?"

ತಪ್ಪಾಯಿತು ಎಂದೆ. ಆರು ವರ್ಷದ ಹಿಂದೆ ಒಂದು ಪದಕ್ಕೆ ಒಂದು ನಿಮಿಷ ಜಾಸ್ತಿ ಯೋಚಿಸಿದ್ದರೆ ಈ ಸ್ಟೂಲು ಖಾಲಿ ಇರುತ್ತಿರಲಿಲ್ಲ. ಈ ಸಲವಾದರೂ ನೀವೇ ಹೇಳಿಬಿಡಿ, ಹೇಳಿದ್ದನ್ನೇ ಬರೆಯುತ್ತೇನೆ ಎಂದು ಪೆನ್ನು ಹಿಡಿದು ಕೂತೆ.

ಎದುರಿಗೆ ಬಿಸ್ಕತ್ತಕ್ಕ ಬೆಳಿಗ್ಗೆಯ ಬಟ್ಟಲು ಎಳೆದುಕೊಂಡು, ಚಮಚ ಎತ್ತಿ, ಮೂಗು ಒರೆಸಿಕೊಳ್ಳುತ್ತಾ ಎಣಿಸಲು ಶುರು ಮಾಡಿದ್ದಾರೆ. ಏಳಕ್ಕೆ ಬಂದು ತಡವರಿಸಿದರು. "ಎಂಟು" ಎಂದರು ನಾದಿನಿ, ಬಿಸ್ಕತ್ತಿನಿಂದ ತಲೆ ಎತ್ತದೆ. ಒಂಬತ್ತು, ಹತ್ತು. ಗೆರೆ ಕರಗಿ ಮಟ್ಟವಾಯಿತು. ಆಮೇಲೆ ನಾದಿನಿ ನನ್ನ ಕಡೆ ತಿರುಗಿದರು.

"ಕಟ್ಟೆ ನನ್ನದು ಅಂತ ಬರೀರಿ. ಅದಿಲ್ದಿದ್ರೆ ಇವರು ಬಿಟ್ಟ ನೀರೆಲ್ಲ ನೆಲಕ್ಕೆ ಹರೀತಿತ್ತು."