ಅಂಜಿನಿಯ ಹೆಸರು ಹೇಳಿ ಬಂದ ಫೋನು

ಆ ಸೋಮವಾರ ನಿಂಗಕ್ಕ ಬಂಡ್ರಿಯಿಂದ ಬೆಳಗಿನ ಬಸ್ಸು ಹಿಡಿದು ಹೊಸಪೇಟೆಯ ಅಂಗಡಿಗೆ ಬಂದಾಗ, ಅಂಜಿನಿ ಒಂದು ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದ. ಮೊಣಕೈವರೆಗೆ ಟೋನರಿನ ಕಪ್ಪು ಪುಡಿ ಮೆತ್ತಿತ್ತು.

"ಬರ್ರಿ ನಿಂಗಕ್ಕ, ಕುಂದ್ರಿ. ಮಷಿನ್ ಮತ್ತ ಕೈ ಕೊಡ್ತೇನು?"

ಅವಳು ಕೂರಲಿಲ್ಲ. "ಮಷಿನ್ ನೆಟ್ಟಗೈತಿ. ನೀ ನೆಟ್ಟಗದಿಯೇನು, ಅದನ್ನ ಹೇಳು," ಎಂದಳು.

ಅಂಗಡಿಯಲ್ಲಿದ್ದ ಮೂರು ಗಿರಾಕಿಗಳೂ ತಿರುಗಿ ನೋಡಿದರು. ನಿಂಗಕ್ಕ ಬಂಡ್ರಿಯ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡವಳು. ಸುತ್ತಲಿನ ಹಳ್ಳಿಯವರಿಗೆ ಪಹಣಿ ತೆಗೆದುಕೊಡುವುದು, ಪರೀಕ್ಷೆಯ ಅರ್ಜಿ ತುಂಬುವುದು, ಕರೆಂಟ್ ಬಿಲ್ಲು ಕಟ್ಟುವುದು ಅವಳ ಕೆಲಸ. ಐವತ್ತರ ಹತ್ತಿರದ ಹೆಂಗಸು, ಕಂಪ್ಯೂಟರಿನ ಮೇಲೆ ಬೆರಳು ಓಡಿಸಿದರೆ ಕಣ್ಣಿಗೆ ಕಾಣದಷ್ಟು ಚುರುಕು. ಆರು ವರ್ಷದಿಂದ ಅಂಜಿನಿಯನ್ನು 'ತಮ್ಮ' ಎಂದೇ ಕರೆಯುತ್ತಿದ್ದಳು. ಅವತ್ತು ಹಾಗೆ ಕರೆಯಲಿಲ್ಲ.

ಶನಿವಾರ ಹನ್ನೊಂದು ಗಂಟೆಗೆ ಅವಳಿಗೊಂದು ಫೋನು ಬಂದಿತ್ತು. ಪ್ರಿಂಟರ್ ಕಂಪನಿಯ ಸಪೋರ್ಟ್ ವಿಭಾಗದಿಂದ ಅಂದನಂತೆ. ಹೋದ ತಿಂಗಳು ಹದಿನಾಲ್ಕನೇ ತಾರೀಖು ಅಂಜಿನಿ ಬಂದು ನಿಮ್ಮ ಪ್ರಿಂಟರ್ ರಿಪೇರಿ ಮಾಡಿದ್ದಾರೆ, ಬಿಲ್ ನಂಬರ್ ಇಷ್ಟು, ಅವರು ಹಾಕಿದ ಸಾಫ್ಟ್‌ವೇರಿನಲ್ಲಿ ವೈರಸ್ ಸಿಕ್ಕಿದೆ, ಸರಿಪಡಿಸಲು ಅವರೇ ನಮಗೆ ಹೇಳಿದ್ದಾರೆ ಎಂದನಂತೆ. ನಿಂಗಕ್ಕ ಎದ್ದು ಬಿಲ್ಲು ತೆಗೆದು ನೋಡಿದ್ದಳು. ತಾರೀಖು ಸರಿ, ನಂಬರು ಸರಿ, ಮಷಿನ್ನಿನ ಮಾಡೆಲ್ ಸರಿ. ಅವನು ಹೇಳಿದ ಆ್ಯಪ್ ಹಾಕಿಕೊಂಡಳು. ನೋಂದಣಿಗೆಂದು ಹತ್ತು ರೂಪಾಯಿ ಕಟ್ಟಲು ಬ್ಯಾಂಕಿನ ಪುಟ ತೆರೆದದ್ದೇ ತಡ, ಪರದೆಯ ಮೇಲೆ ಮೌಸಿನ ಬಾಣ ತಾನಾಗಿಯೇ ಓಡಾಡತೊಡಗಿತು. ಅವಳು ಗಾಬರಿಯಾಗಿ ವೈರು ಕಿತ್ತು ಹಾಕುವಷ್ಟರಲ್ಲಿ ಅರವತ್ತೆರಡು ಸಾವಿರ ಹೋಗಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಊರವರು ಅರ್ಜಿಯ ಶುಲ್ಕ ಕಟ್ಟಲು ಕೊಟ್ಟಿದ್ದ ದುಡ್ಡು.

"ನಂಗೇನು ಇಂಥಾ ಫೋನ್ ಗೊತ್ತಿಲ್ಲ ಅಂದ್ಕಂಡಿಯೇನು?" ಎಂದಳು ನಿಂಗಕ್ಕ. "ದಿನಾ ಬರ್ತಾವ. ಬೈದು ಇಡ್ತೀನಿ. ನಿನ್ನ ಹೆಸರು ಹೇಳದೇ ಇದ್ರ ಇದನ್ನೂ ಇಡ್ತಿದ್ದೆ."

ಅಂಜಿನಿ ಪ್ರಿಂಟರ್ ಬದಿಗೆ ಸರಿಸಿ ಎದ್ದ. "ನಿಂಗಕ್ಕ, ನಾ ಯಾರಿಗೂ ಹೇಳಿಲ್ರಿ. ನಮ್ಮವ್ವನ ಆಣೆ. ಪೊಲೀಸ್ರಿಗೆ ಹೇಳಿರೇನು?"

"ಅವತ್ತೇ ಸೈಬರ್ ಸಹಾಯವಾಣಿಗೆ ಫೋನ್ ಮಾಡೀನಿ. ಠಾಣೆಗೂ ಬರ್ಕೊಟ್ಟೀನಿ. ನಿನ್ನ ಹೆಸರೂ ಬರ್ಸೀನಿ."

ಅಷ್ಟು ಹೇಳಿ ಅವಳು ಮೆಟ್ಟಿಲಿಳಿದು ಹೋದಳು. ಅಂಜಿನಿ ಬಿಚ್ಚಿಟ್ಟ ಪ್ರಿಂಟರನ್ನು ಆ ದಿನ ಮತ್ತೆ ಜೋಡಿಸಲಾಗಲಿಲ್ಲ. ಒಂದು ಸ್ಕ್ರೂ ಕೈಯಲ್ಲಿ ಹಿಡಿದು ಇದು ಎಲ್ಲಿಯದೆಂದು ಯೋಚಿಸುತ್ತ ಕೂತ. ಇಪ್ಪತ್ತೈದು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಅವನು ಮಲಪನಗುಡಿಯವನು. ಅಪ್ಪ ಅವ್ವ ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿ ಅವನನ್ನು ಐಟಿಐ ಓದಿಸಿದ್ದರು. ಗಣಿಗಾರಿಕೆ ಜೋರಾಗಿದ್ದ ಕಾಲದಲ್ಲಿ ಸಂಡೂರಿನ ಕಡೆ ಲಾರಿ ತೂಗುವ ವೇಬ್ರಿಡ್ಜ್‌ಗಳಲ್ಲಿ ಚೀಟಿ ಮುದ್ರಿಸುವ ಪ್ರಿಂಟರುಗಳನ್ನು ನೋಡಿಕೊಳ್ಳುತ್ತಿದ್ದ. ಹಗಲೂ ರಾತ್ರಿ ಲಾರಿ, ಹಗಲೂ ರಾತ್ರಿ ಚೀಟಿ. ಒಳಗೆ ನುಗ್ಗಿದ ಕೆಂಪು ಧೂಳನ್ನು ಬ್ರಷ್ಷಿನಿಂದ ತೆಗೆದು ತೆಗೆದು ಅವನ ಮೂಗಿನಲ್ಲೂ ಅದೇ ಬಣ್ಣ. ಗಣಿಗಳು ನಿಂತಾಗ ಕೆಲಸ ಹೋಯಿತು. ಆಮೇಲೆ ಹೊಸಪೇಟೆಯ ಈ ಅಂಗಡಿ ಸೇರಿದ. ಕಂಪ್ಲಿಯ ಅಕ್ಕಿ ಗಿರಣಿ, ಹಂಪಿಯ ಲಾಡ್ಜು, ಸಂಡೂರಿನ ಶಾಲೆ, ಹಳ್ಳಿಗಳ ಪಂಚಾಯಿತಿ ಕಚೇರಿ, ಎಲ್ಲಿ ಪ್ರಿಂಟರ್ ಕೆಟ್ಟರೂ ಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಹೋಗುತ್ತಿದ್ದ. ಅವನು ಬಂದರೆ ಜನ ಪಾಸ್‌ವರ್ಡ್ ಹೇಳಿ, ಕಂಪ್ಯೂಟರ್ ಬಿಟ್ಟು, ಚಹಾ ತರಲು ಹೋಗುತ್ತಿದ್ದರು.

ಬುಧವಾರ ಕಂಪ್ಲಿಯ ಗಿರಣಿಯಿಂದ ಗುಮಾಸ್ತರ ಫೋನು. "ಅಂಜಿನಿ, ನಿನ್ನ ಹೆಸರು ಹೇಳಿ ಯಾವನೋ ಆ್ಯಪ್ ಹಾಕ್ಕೊಳ್ರಿ ಅಂತಾನ. ಹಾಕ್ಕೊಳ್ಳೇನು?"

"ಬ್ಯಾಡ್ರಿ!" ಎಂದು ಅಂಜಿನಿ ಕಿರುಚಿದ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

ಇದು ನಿಂಗಕ್ಕ ಒಬ್ಬಳ ಕಥೆಯಲ್ಲ ಎಂದು ಆಗ ತಿಳಿಯಿತು. ಅಂಗಡಿಯ ಎಲ್ಲ ಗಿರಾಕಿಗಳ ವಿವರವೂ ಯಾರದೋ ಕೈ ಸೇರಿತ್ತು. ಅವನು ನೇರವಾಗಿ ಮಾಲೀಕ ಮಾರುತೇಶ್ ಎದುರು ಹೋಗಿ ನಿಂತ. ಮಾರುತೇಶ್ ಅವನಿಗಿಂತ ಹತ್ತು ವರ್ಷ ಚಿಕ್ಕವನು, ಕೆಟ್ಟವನಲ್ಲ, ಆದರೆ ಹೆದರುವವನು.

"ಎಲ್ಲಾ ಗಿರಾಕಿಗಳಿಗೂ ಒಂದು ಮೆಸೇಜ್ ಹಾಕಿಬಿಡೋಣ ಸರ್. ಇಂಥಾ ಫೋನ್ ಬಂದ್ರ ನಂಬಬ್ಯಾಡ್ರಿ ಅಂತ."

"ಅಂಜಿನಣ್ಣ, ಸ್ವಲ್ಪ ತಡಿ. ನಮ್ಮಲ್ಲಿಂದ ಡೇಟಾ ಹೋಗೈತಿ ಅಂತ ನಾವೇ ಡಂಗುರ ಸಾರಿದ್ರ ನಾಳೆ ಯಾರು ಬರ್ತಾರ? ಮೊದ್ಲು ಒಳಗ ಯಾರಂತ ನೋಡೋಣ." ಮಾರುತೇಶ್ ಗಾಜಿನ ಆಚೆ ಕೌಂಟರಿನತ್ತ ಕಣ್ಣು ಮಾಡಿದ. ಅಲ್ಲಿ ಬಿಲ್ಲು ಹಾಕುವ ಶಿಲ್ಪಶ್ರೀ ಕೂತಿದ್ದಳು. "ಎಲ್ಲಾರ ನಂಬರ್ ಟೈಪ್ ಮಾಡೋದು ಆಕೀನ ಅಲ್ಲೇನು?"

ಅಂಜಿನಿ ಹೊರಬಂದ. ಇತ್ತ ತನ್ನ ಹೆಸರು, ಅತ್ತ ಆ ಹುಡುಗಿಯ ಹೆಸರು. ಊಟಕ್ಕೆ ಕೂತರೆ ಎರಡು ತುತ್ತಿಗೆ ಏಳುತ್ತಿದ್ದ. ಫೋನು ರಿಂಗಾದರೆ ಓಡಿ ಎತ್ತುತ್ತಿದ್ದ, ರಿಂಗಾಗದಿದ್ದರೆ ಈಗ ಯಾರ ಮನೆಯಲ್ಲಿ ರಿಂಗಾಗುತ್ತಿದೆಯೋ ಎಂದು ಚಡಪಡಿಸುತ್ತಿದ್ದ. ಸಂಡೂರಿಗೆಂದು ಹೊರಟವನು ಅರ್ಧ ದಾರಿಯಲ್ಲಿ ಬೈಕು ನಿಲ್ಲಿಸಿ ಹಂಪಿಯ ಲಾಡ್ಜಿಗೆ ಫೋನು ಮಾಡುತ್ತಿದ್ದ. ಲಾಡ್ಜಿನವರು ಎತ್ತದಿದ್ದರೆ ತಿರುಗಿ ಅಲ್ಲಿಗೇ ಹೋಗುತ್ತಿದ್ದ. ಹಳೆಯ ರಿಪೇರಿ ಚೀಟಿಗಳ ಪುಸ್ತಕಗಳನ್ನು ಮನೆಗೆ ತಂದು ನಾನೂರಹದಿನೆಂಟು ಹೆಸರು ಬರೆದುಕೊಂಡ. ಮಾಲೀಕರು ಬೇಡವೆಂದಿದ್ದರೂ ದಿನಕ್ಕೆ ಹತ್ತು ಹದಿನೈದು ಜನರಿಗೆ ತಾನೇ ಫೋನು ಮಾಡಿ ಎಚ್ಚರಿಸತೊಡಗಿದ. ಕೆಲವರು ಅವನನ್ನೇ ಕಳ್ಳನೆಂದುಕೊಂಡು ಬೈದು ಇಟ್ಟರು. ಒಬ್ಬ ಪಂಚಾಯಿತಿ ಕಾರ್ಯದರ್ಶಿಯಂತೂ, "ನೀನು ಅಂಜಿನೀನೇ ಅಂತ ಹೆಂಗ ನಂಬ್ಲಿ?" ಎಂದು ಕೇಳಿದರು. ಅಂಜಿನಿ ಮೂವತ್ತು ಕಿಲೋಮೀಟರ್ ಹೋಗಿ ಮುಖ ತೋರಿಸಿ ಬಂದ.

ಅವನ ಹೆಂಡತಿ ಗಾಳೆಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ವಾರವಿಡೀ ನೋಡಿ ಸಾಕಾಗಿ ಒಂದು ದಿನ ಕೇಳಿದಳು, "ಹಿಂಗ ಓಡಾಡಿದ್ರ ಕಳ್ಳ ಸಿಗ್ತಾನೇನ್ರಿ? ನಿಮ್ಮ ಅಂಗಡ್ಯಾಗ ಗಿರಾಕಿ ಹೆಸರು ಎಲ್ಲೆಲ್ಲಿ ಬರೀತೀರಿ, ಅದನ್ನ ಮೊದ್ಲು ನೋಡ್ರಿ."

ಅಂಜಿನಿ ಯೋಚಿಸಿದ. ಮೂರು ಕಡೆ. ಅವನೇ ಬರೆಯುವ ರಿಪೇರಿ ಚೀಟಿ, ಕೌಂಟರಿನ ಬಿಲ್ಲಿಂಗ್ ಕಂಪ್ಯೂಟರ್, ಮತ್ತೊಂದು ತಿಂಗಳ ಪಟ್ಟಿ. 'ನಿಮ್ಮ ಪ್ರಿಂಟರಿನ ಸರ್ವಿಸ್ ಸಮಯ ಬಂದಿದೆ' ಎಂದು ಗಿರಾಕಿಗಳಿಗೆ ಮೆಸೇಜ್ ಕಳಿಸಿಕೊಡುತ್ತೇವೆಂದು ಬೆಂಗಳೂರಿನ ಒಂದು ಸಣ್ಣ ಕಂಪನಿ ಮಾರುತೇಶನನ್ನು ಒಪ್ಪಿಸಿತ್ತು. ಮೊದಲ ವರ್ಷ ಪುಕ್ಕಟೆ. ಅದಕ್ಕಾಗಿ ಪ್ರತಿ ತಿಂಗಳ ಒಂದನೇ ತಾರೀಖು ಹೆಸರು, ನಂಬರು, ಬಿಲ್ಲು, ರಿಪೇರಿ ಮಾಡಿದವರ ಹೆಸರು ಎಲ್ಲ ಬರೆದ ಪಟ್ಟಿ ಅಂಗಡಿಯಿಂದ ಅವರಿಗೆ ಹೋಗುತ್ತಿತ್ತು.

ಮರುದಿನ ಅವನು ಶಿಲ್ಪಶ್ರೀಯನ್ನು ಹೊರಗೆ ಕರೆದ. ಆ ಹುಡುಗಿಯ ಕಣ್ಣು ಅತ್ತು ಊದಿತ್ತು. ಮಾಲೀಕರು ಅವಳ ಫೋನನ್ನೂ ತೆರೆದು ನೋಡಿದ್ದರಂತೆ.

"ನಿನ್ನ ಮ್ಯಾಲೆ ನಂಗ ಅನುಮಾನ ಇಲ್ಲವ್ವ. ಇದ್ದಿದ್ರ ಈ ಮಾತು ನಿನ್ಗ ಹೇಳ್ತಿದ್ದಿಲ್ಲ. ಇಲ್ಲದ ಗಿರಾಕಿ ಒಬ್ಬನ್ನ ಹುಟ್ಟಿಸೋಣ. ನಂಬರ್ ಮಾತ್ರ ಒಂದ, ನಮ್ಮ ಮನೆಯಾಕಿದು, ಯಾರಿಗೂ ಕೊಡದೇ ಇರೋದು. ಹೆಸರು ಮೂರು, ಮೂರು ಕಡೆ ಒಂದೊಂದು. ಕಳ್ಳ ಯಾವ ಹೆಸರು ಹೇಳ್ತಾನ, ಅಲ್ಲಿಂದ ಹೋಗೈತಿ ಅಂತ ಅರ್ಥ."

ರಿಪೇರಿ ಚೀಟಿಯಲ್ಲಿ ತೋಟಪ್ಪ ಎಂದು ಅಂಜಿನಿ ಬರೆದ. ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಶಿಲ್ಪಶ್ರೀ ಎರ್ರೆಪ್ಪ ಎಂದು ಹಾಕಿದಳು. ಬೆಂಗಳೂರಿಗೆ ಹೋಗುವ ಪಟ್ಟಿಯಲ್ಲಿ ಮಾತ್ರ ಮೂಕಣ್ಣ. ಒಂದನೇ ತಾರೀಖು ಪಟ್ಟಿ ಹೋಯಿತು.

ಆಮೇಲೆ ಕಾಯುವುದು. ಗಾಳೆಮ್ಮ ಆ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಅಡುಗೆ ಮಾಡಿದಳು. ಅಂಜಿನಿ ದಿನಕ್ಕೆ ಹತ್ತು ಸಲ ಅವಳಿಗೆ ಫೋನು ಮಾಡಿ, "ಬಂತೇನು?" ಎಂದು ಕೇಳುತ್ತಿದ್ದ. "ನಿಮ್ಮದೊಂದೇ ಬರಾಕತ್ತೈತಿ," ಎಂದು ಅವಳು ರೇಗುತ್ತಿದ್ದಳು. ಈ ನಡುವೆ ಠಾಣೆಯವರು ಅವನನ್ನು ಕರೆಸಿ ಎರಡು ತಾಸು ಕೂರಿಸಿ ಹೇಳಿಕೆ ಬರೆದುಕೊಂಡರು. ಮಲಪನಗುಡಿಯಲ್ಲಿ ಅದು ಹೇಗೋ ತಿಳಿದು, ಹೋಟೆಲಿನಲ್ಲಿ ಅವನು ಹೋಗಿ ಕೂತರೆ ಮಾತು ನಿಲ್ಲತೊಡಗಿತು.

ಹನ್ನೊಂದನೆಯ ದಿನ ಭಾನುವಾರ. ಮಧ್ಯಾಹ್ನ ಅಂಜಿನಿ ತಟ್ಟೆಯ ಮುಂದೆ ಕೂತಿದ್ದಾಗ ಆ ಫೋನು ರಿಂಗಾಯಿತು. ಗಾಳೆಮ್ಮ ಸ್ಪೀಕರ್ ಒತ್ತಿದಳು. ಅಂಜಿನಿಯ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

"ನಮಸ್ಕಾರ ಮೇಡಂ. ಪ್ರಿಂಟರ್ ಕಂಪನಿ ಸಪೋರ್ಟ್‌ನಿಂದ ಮಾತಾಡ್ತಿದೀನಿ. ಇದು ಮೂಕಣ್ಣ ಅವರ ನಂಬರ್ ಅಲ್ವಾ?"

ಅಂಜಿನಿ ಎದ್ದು ನಿಂತುಬಿಟ್ಟ. ಗಾಳೆಮ್ಮ ಅವನಿಗೆ ಸುಮ್ಮನಿರಲು ಕೈ ಮಾಡಿದಳು.

"ಯಾರ್ ಬೇಕ್ರಿ? ಸರಿಯಾಗಿ ಕೇಳಿಸ್ವಲ್ದು, ಜೋರಾಗಿ ಹೇಳ್ರಿ."

"ಮೂಕಣ್ಣ ಅವರು. ಅಂಜಿನಿ ಅನ್ನೋರು ನಿಮ್ಮ ಪ್ರಿಂಟರ್ ರಿಪೇರಿ ಮಾಡಿದಾರೆ ನೋಡಿ, ಇಪ್ಪತ್ತೇಳನೇ ತಾರೀಖು..."

"ಹೌದ್ರಿ, ಮಾಡ್ಯಾರ. ಭಾಳ ಒಳ್ಳೇ ಮನುಷ್ಯಾರು," ಎಂದಳು ಗಾಳೆಮ್ಮ. "ನಮ್ಮ ಯಜಮಾನ್ರು ಊರಾಗಿಲ್ರಿ. ನಿಮ್ಮ ಹೆಸರೇನು, ನಂಬರೇನು, ಹೇಳ್ರಿ, ಬರ್ಕೊಂತೀನಿ." ಅವಳು ಅವನಿಂದ ಆ್ಯಪಿನ ಹೆಸರನ್ನು ಮೂರು ಸಲ ಹೇಳಿಸಿ, ಹತ್ತು ರೂಪಾಯಿ ಯಾವ ಖಾತೆಗೆ ಹಾಕಬೇಕೆಂಬುದನ್ನೂ ಹೇಳಿಸಿ ಅಕ್ಕಿ ಚೀಲದ ಮೇಲೆ ಬರೆದುಕೊಂಡಳು. ಎಲ್ಲವೂ ಅಂಜಿನಿಯ ಫೋನಿನಲ್ಲಿ ರೆಕಾರ್ಡ್ ಆಗುತ್ತಿತ್ತು. ಫೋನು ಇಟ್ಟ ಮೇಲೆ ಅವಳು ಬರೆದದ್ದನ್ನು ಅಂಜಿನಿಗೆ ಇನ್ನೊಮ್ಮೆ ಓದಿ ಹೇಳಿದಳು.

ಸೋಮವಾರ ಅಂಜಿನಿ ಆ ರೆಕಾರ್ಡನ್ನು ಮಾರುತೇಶನ ಮೇಜಿನ ಮೇಲಿಟ್ಟು ಕೇಳಿಸಿದ. ಮೂಕಣ್ಣ ಎಂಬ ಹೆಸರು ಬೇರೆಲ್ಲೂ ಇಲ್ಲವೆಂದು ಚೀಟಿ, ಬಿಲ್ಲು ಎರಡನ್ನೂ ತೋರಿಸಿದ. ಮಾರುತೇಶ್ ಎರಡನ್ನೂ ತಾನೇ ಹೋಲಿಸಿ ನೋಡಿದ. ಪುಕ್ಕಟೆ ಅಂದದ್ದಕ್ಕೆ ಕರಾರಿನ ಕಾಗದವನ್ನೂ ಓದದೆ ಸಹಿ ಮಾಡಿದ್ದೆ ಎಂದು ಕೊನೆಗೆ ಒಪ್ಪಿಕೊಂಡ.

"ಈಗ ಮೆಸೇಜ್ ಹಾಕ್ತೀರೋ ಇಲ್ಲೋ?" ಅಂಜಿನಿ ಕೇಳಿದ. "ಹಾಕದಿದ್ರ ನಾ ಇವತ್ತೇ ಕೆಲಸ ಬಿಡ್ತೀನಿ. ಬಿಟ್ಟು ಎಲ್ಲಾರಿಗೂ ಹೇಳ್ತೀನಿ."

ಮೆಸೇಜ್ ಹೋಯಿತು. ಬಾಗಿಲಿಗೂ ಒಂದು ದೊಡ್ಡ ಕಾಗದ ಅಂಟಿಸಿದರು. ಮಾರುತೇಶ್ ಶಿಲ್ಪಶ್ರೀಯ ಹತ್ತಿರ ಹೋಗಿ ತಪ್ಪಾಯಿತೆಂದ. ಅವಳು ತಲೆಯಾಡಿಸಿದಳು, ಆದರೆ ತಿಂಗಳು ಮುಗಿದ ಮೇಲೆ ಬೇರೆ ಕಡೆ ಕೆಲಸಕ್ಕೆ ಸೇರಿಕೊಂಡಳು. ಮೆಸೇಜ್ ನೋಡಿದ ಹಲವರು ಅಂಗಡಿಗೆ ಬರುವುದನ್ನೇ ಬಿಟ್ಟರು. ಮಾರುತೇಶ್ ಹೆದರಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ರೆಕಾರ್ಡು ಮತ್ತು ಪಟ್ಟಿಗಳನ್ನು ಇಬ್ಬರೂ ಹೋಗಿ ಪೊಲೀಸರಿಗೆ ಕೊಟ್ಟರು. ಬೆಂಗಳೂರಿನ ಕಂಪನಿಯಲ್ಲಿ ಕೆಲಸ ಬಿಟ್ಟುಹೋಗಿಯೂ ಹಳೆಯ ಪಾಸ್‌ವರ್ಡ್ ಇಟ್ಟುಕೊಂಡಿದ್ದ ಒಬ್ಬ ಪಟ್ಟಿ ಮಾರುತ್ತಿದ್ದನೆಂದು ಆಮೇಲೆ ತಿಳಿಯಿತು. ಅವನು ಸಿಕ್ಕಿಬಿದ್ದ. ಫೋನು ಮಾಡುತ್ತಿದ್ದವರು ಯಾವ ಊರಿನಲ್ಲಿದ್ದರೋ, ಇನ್ನೂ ಸಿಕ್ಕಿಲ್ಲ. ನಿಂಗಕ್ಕ ತಡಮಾಡದೆ ದೂರು ಕೊಟ್ಟಿದ್ದರಿಂದ ಹತ್ತೊಂಬತ್ತು ಸಾವಿರವನ್ನು ಬ್ಯಾಂಕು ಒಂದು ಖಾತೆಯಲ್ಲೇ ತಡೆಹಿಡಿದಿತ್ತು. ನಾಲ್ಕು ತಿಂಗಳ ಮೇಲೆ ಅಷ್ಟು ಮಾತ್ರ ಅವಳಿಗೆ ವಾಪಸು ಬಂತು. ಉಳಿದದ್ದನ್ನು ಅವಳು ತನ್ನ ಕೈಯಿಂದ ಊರವರಿಗೆ ಕಟ್ಟಿಕೊಟ್ಟಳು.

ಅವಳ ಪ್ರಿಂಟರ್ ಕೆಟ್ಟಿದೆ ಎಂದು ಯಾರಿಂದಲೋ ಕೇಳಿ ಅಂಜಿನಿ ಕರೆಯದೇ ಬಂಡ್ರಿಗೆ ಹೋದ. ನಿಂಗಕ್ಕ ಬಾಗಿಲಲ್ಲಿ ಅವನನ್ನು ನೋಡಿ ಕೈಯಲ್ಲಿದ್ದ ಅರ್ಜಿಗಳನ್ನು ಬದಿಗಿಟ್ಟಳು.

"ಬಾ ಒಳಗ," ಎಂದಳು. "ಪೊಲೀಸ್ರು ಎಲ್ಲಾ ಹೇಳ್ಯಾರ. ನಿಂದೇನ್ ತಪ್ಪಿಲ್ಲ. ಅದು ನನ್ ತಲಿಗೆ ಗೊತ್ತೈತಿ. ಆದ್ರೂ ನಿನ್ನ ಮುಖ ನೋಡಿದ್ರ ಆ ಶನಿವಾರದ ಫೋನೇ ನೆನಪಾಕ್ಕೈತಿ, ಏನ್ ಮಾಡ್ಲಿ?"

"ನೆನಪಾಗ್ಲಿ ಬಿಡ್ರಿ. ನಂಗೂ ಹಂಗ ಆಕ್ಕೈತಿ," ಎಂದ ಅಂಜಿನಿ.

ಅವನು ಮಷಿನ್ನು ಬಿಚ್ಚಿದ. ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು, ಅವನ ಬೆರಳು ಹೋದಲ್ಲೆಲ್ಲ ಕಣ್ಣು ಹಾಯಿಸಿದಳು. ಪಾಸ್‌ವರ್ಡ್ ಬೇಕಾದಾಗ ಅವನನ್ನು ಆಚೆ ತಿರುಗಿಸಿ ತಾನೇ ಒತ್ತಿದಳು. ಅವನು ಗೋಡೆ ನೋಡುತ್ತ ನಿಂತ. ಕೆಲಸ ಮುಗಿದು, ಪರೀಕ್ಷೆಗೆಂದು ಮುದ್ರಿಸಿದ ಕಾಗದ ಹೊರಬಂದಾಗ ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, "ಚೊಲೋ ಬಂತು," ಎಂದಳು.

"ಮುಂದ ಕೆಟ್ರ ಫೋನ್ ಮಾಡ್ರಿ ನಿಂಗಕ್ಕ."

"ಫೋನಂತೂ ಮಾಡಂಗಿಲ್ಲ. ನೀ ಮಾಡಿದ್ರೂ ಎತ್ತಂಗಿಲ್ಲ. ಈ ಕಡೆ ಬಂದಾಗ ರಸ್ತ್ಯಾಗ ನಿಂತು ಕೂಗು," ಎಂದಳು ಅವಳು. ಹೇಳುತ್ತಿದ್ದಂತೆ ಅವಳಿಗೇ ನಗು ಬಂತು. ಅಂಜಿನಿಯೂ ನಕ್ಕ.

ಅವನು ಚೀಲ ಕಟ್ಟಿ ಬೈಕು ಹತ್ತಿದ. ತಾನು ಬರೆದುಕೊಂಡ ನಾನೂರಹದಿನೆಂಟು ಹೆಸರುಗಳಲ್ಲಿ, ಫೋನು ಎತ್ತದೆ ಇನ್ನೂ ಎಚ್ಚರಿಸಲಾಗದೆ ಉಳಿದ ಇಬ್ಬರು ಸಂಡೂರಿನಲ್ಲಿದ್ದರು. ಅವರು ಅಂಗಡಿ ಮುಚ್ಚುವುದರೊಳಗೆ ಮುಟ್ಟಬೇಕಿತ್ತು.