ಐತಪ್ಪನವರ ರಿಯೂನಿಯನ್

ಮೂವತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತು ಈಗ ಲಂಡನ್ನಿನ ಎಜ್‌ವೇರ್‌ನಲ್ಲಿ ನಿವೃತ್ತರಾಗಿರುವ ಐತಪ್ಪನವರಿಗೆ ಉಡುಪಿಯನ್ನು ಬಿಟ್ಟರೆ ಚೆನ್ನಾಗಿ ಗೊತ್ತಿರುವ ಸ್ಥಳ ರಿಯೂನಿಯನ್ ದ್ವೀಪ. ಅಲ್ಲಿಗೆ ಅವರು ಒಮ್ಮೆಯೂ ಹೋದವರಲ್ಲ. ಯಾರಾದರೂ ರಜೆಗೆ ಮಾರಿಷಸ್ ಎಂದರೆ ಸಾಕು, "ಅದರ ಪಕ್ಕದ್ದು ರಿಯೂನಿಯನ್ ಮಾರಾಯ್ರೆ. ಹಿಂದೂ ಮಹಾಸಾಗರದಲ್ಲಿ ಉಂಟು, ಆದ್ರೆ ಅದು ಫ್ರಾನ್ಸ್!" ಎಂದು ಶುರುಮಾಡುತ್ತಾರೆ. ಅಲ್ಲಿ ಚಲಾವಣೆಯಲ್ಲಿರುವುದು ಯೂರೋ, ಆಡಳಿತಕ್ಕೆ ಪ್ಯಾರಿಸ್ಸಿನಿಂದ ನೇಮಕವಾಗಿ ಬರುವ ಪ್ರಿಫೆಕ್ಟ್, ಜ್ವಾಲಾಮುಖಿ ಉಕ್ಕಿದರೆ ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ, ತಮಿಳು ಮೂಲದವರು ದೇವಸ್ಥಾನದಲ್ಲಿ ಕೈಮುಗಿದು ಹೊರಬಂದು ಫ್ರೆಂಚಿನಲ್ಲಿ ಜಗಳವಾಡುತ್ತಾರೆ. ತಮ್ಮ ಬೀದಿಯ ಕೌನ್ಸಿಲರ್ ಯಾರೆಂದು ತಿಳಿಯದ ಐತಪ್ಪನವರು ಅಲ್ಲಿನ ಇಪ್ಪತ್ತನಾಲ್ಕು ಪುರಸಭೆಗಳ ಹೆಸರನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ಅಲ್ಲಿ ಚಂಡಮಾರುತವೆಂದರೆ ಇಲ್ಲಿ ಇವರಿಗೆ ಊಟ ಸೇರುವುದಿಲ್ಲ. ಕಳೆದ ಭಾನುವಾರ ಪಕ್ಕದ ಫ್ಲಾಟಿನ ಪ್ರೇಕ್ಷಾ ಕೇಳಿಯೇಬಿಟ್ಟಳು: "ಅಂಕಲ್, ಅಲ್ಲಿ ನಿಮ್ಮೋರು ಯಾರಾದ್ರೂ ಇದಾರಾ?" ಅವರು ಹೇಳಿದರು: "ಮಗಳಿದ್ದಾಳೆ, ಮೋಹಿನಿ. ಅಲ್ಲಿಯವನನ್ನೇ ಮದುವೆಯಾದ್ಳು. 'ಭೂಪಟದಲ್ಲಿ ಕಾಣದ ಊರಿಗೆ ನಾನು ಬರುದಿಲ್ಲ' ಅಂತ ಹೇಳಿದ್ದೆ. ಒಂಬತ್ತು ವರ್ಷ ಆಯ್ತು, ಮಾತಿಲ್ಲ." ಪ್ರೇಕ್ಷಾ ಬಿಡಲಿಲ್ಲ, "ಈಗ್ಲೇ ಫೋನ್ ಮಾಡಿ ಅಂಕಲ್" ಎಂದು ಎದುರಿಗೇ ಕುಳಿತಳು. ಐತಪ್ಪನವರು ನಂಬರು ಒತ್ತಿದರು. ಅತ್ತಲಿಂದ ಎಳೆಯ ದನಿಯೊಂದು "ಅಲೋ?" ಎಂದಿತು. ಐತಪ್ಪನವರು ಬಾಯಿ ತೆರೆದರು; ಆ ಮಗುವಿನ ಹೆಸರು ಅವರಿಗೆ ಗೊತ್ತಿರಲಿಲ್ಲ.